ಕೃಷಿ ಶಾಲೆಯನ್ನು ಸರ್ಕಾರಿ ಕಾಲೇಜು ಮಾಡುವ ಕಾಯ್ದೆ: ಹೆಸರು ಬದಲಿಸಿದರೆ ಸಾಲದೇ?

ಕರಡುಪ್ರತಿ:
ಅಮೆರಿಕದ ಕನೆಕ್ಟಿಕಟ್‌ನಲ್ಲಿ 1881ರಲ್ಲಿ ಶುರುವಾದ ಸ್ಟಾರ್ಸ್ ಕೃಷಿ ಶಾಲೆಯನ್ನು ಅಲ್ಲಿನ ಶಾಸನಸಭೆ 1893ರಲ್ಲಿ ಕಾಲೇಜು ಮಾಡಿತು. ಮುಂದೆ 1899ರಲ್ಲಿ ಕನೆಕ್ಟಿಕಟ್ ಕೃಷಿ ಕಾಲೇಜು, 1933ರಲ್ಲಿ ಕನೆಕ್ಟಿಕಟ್ ಸ್ಟೇಟ್ ಕಾಲೇಜು, 1939ರಲ್ಲಿ ವಿಶ್ವವಿದ್ಯಾಲಯ. ಇದರಲ್ಲಿ 1893ರ ಕಾಯ್ದೆ ಕೋರ್ಟಿಗೆ ಹೋಗಿ ರಾಜ್ಯ ದಂಡ ತೆತ್ತಿತು ಅಂತ ಓದಿದೆ. ತಕರಾರು ಎತ್ತಿದ್ದು ಯೇಲ್ ವಿಶ್ವವಿದ್ಯಾಲಯ. ಹಳ್ಳಿ ಕಡೆಯ ಶಾಲೆಯೊಂದು ಕಾಲೇಜಾದರೆ ಯೇಲ್‌ಗೇನು ನಷ್ಟ? ಇಂಥ ಮಸೂದೆ ನಮ್ಮಲ್ಲಿ ಬರೆಯುವುದಾದರೆ ಹೆಸರಿನ ಸಾಲಿನ ಜೊತೆ ಇನ್ನೇನೇನು ಇರಬೇಕು?

ದಫ್ತರ್:
ಹೆಸರಿನ ಬಗ್ಗೆ ಯೇಲ್‌ಗೆ ತಕರಾರಿರಲಿಲ್ಲ. ಅದೇ ಕಾಯ್ದೆ ದುಡ್ಡಿನ ಕಾಲುವೆಯನ್ನು ಬೇರೆ ಗದ್ದೆಗೆ ತಿರುಗಿಸಿತು, ಜಗಳ ಅದಕ್ಕೆ.

ಲೆಕ್ಕ ನೋಡಿ. ಕೃಷಿ ಮತ್ತು ಯಂತ್ರವಿದ್ಯೆ ಕಲಿಸುವ ಕಾಲೇಜುಗಳಿಗೆಂದು 1862ರ ಮೊರಿಲ್ ಕಾಯ್ದೆ ಪ್ರತಿ ರಾಜ್ಯಕ್ಕೆ, ಅದರ ಒಬ್ಬೊಬ್ಬ ಸೆನೆಟರ್ ಮತ್ತು ಪ್ರತಿನಿಧಿಗೆ 30,000 ಎಕರೆಯಂತೆ ಜಮೀನು ಕೊಟ್ಟಿತು. ಕನೆಕ್ಟಿಕಟ್‌ಗೆ ಆರು ಜನ, ಅಂದರೆ 1,80,000 ಎಕರೆ. ಆ ರಾಜ್ಯದೊಳಗೆ ಕೇಂದ್ರದ ಖಾಲಿ ಜಮೀನು ಇರಲಿಲ್ಲವಾದ್ದರಿಂದ ಸಿಕ್ಕಿದ್ದು ಬೇರೆಡೆಯ ಜಮೀನಿನ ಹಕ್ಕುಪತ್ರ. ಅದನ್ನು ಮಾರಿ ಬಂದದ್ದು 1,35,000 ಡಾಲರ್, ಎಕರೆಗೆ ಮುಕ್ಕಾಲು ಡಾಲರ್! ಈ ಇಡುಗಂಟನ್ನು ಮುಟ್ಟುವಂತಿಲ್ಲ, ಬಡ್ಡಿ ಮಾತ್ರ ಬಳಸಬೇಕು. ಶೇ. 5ರಂತೆ ವರ್ಷಕ್ಕೆ 6,750 ಡಾಲರ್. 1863ರಲ್ಲಿ ರಾಜ್ಯ ಅದನ್ನು ಯೇಲ್‌ನ ಶೆಫೀಲ್ಡ್ ವಿಜ್ಞಾನ ಶಾಲೆಗೆ ವಹಿಸಿತ್ತು. ರೈತರ ಮಕ್ಕಳಿಗೆ ಅಲ್ಲಿನ ಪ್ರವೇಶ ಪರೀಕ್ಷೆಯೇ ದೊಡ್ಡ ಗೋಡೆ. ರೈತ ಸಂಘಟನೆಯಾದ ಗ್ರೇಂಜ್ ವರ್ಷಗಟ್ಟಲೆ ಕೂಗಿದ್ದು ಇದನ್ನೇ.

1890ರ ಎರಡನೇ ಮೊರಿಲ್ ಕಾಯ್ದೆ ಬಂದ ಮೇಲೆ ವಿಷಯ ಬಿಸಿಯಾಯಿತು. ಕೇಂದ್ರದಿಂದ ಪ್ರತಿ ರಾಜ್ಯಕ್ಕೆ ವರ್ಷಕ್ಕೆ 15,000 ಡಾಲರ್, ಪ್ರತಿ ವರ್ಷ ಸಾವಿರ ಏರುತ್ತಾ 25,000ದ ತನಕ. ಹಳೆಯ ಬಡ್ಡಿಗಿಂತ ಇದು ಎರಡು ಪಟ್ಟಿಗೂ ಹೆಚ್ಚು. 1893ರ ಕಾಯ್ದೆ ಎರಡನ್ನೂ ಸ್ಟಾರ್ಸ್‌ಗೆ ತಿರುಗಿಸಿತು. 1863ರದ್ದು ಒಪ್ಪಂದ, ಶಾಸನಸಭೆ ತಾನಾಗಿಯೇ ಅದನ್ನು ಮುರಿಯುವಂತಿಲ್ಲ ಎಂದು ಯೇಲ್ ವಾದಿಸಿತು. ಒಪ್ಪಂದದ ಕಟ್ಟುಪಾಡನ್ನು ರಾಜ್ಯದ ಕಾನೂನು ಕೆಡಿಸಬಾರದು ಎನ್ನುವ ಅಮೆರಿಕ ಸಂವಿಧಾನದ 1ನೇ ವಿಧಿಯ 10ನೇ ಖಂಡ, ಕಾಲೇಜಿನ ಸನದೂ ಅಂಥ ಒಪ್ಪಂದವೇ ಎಂದ 1819ರ ಡಾರ್ಟ್‌ಮತ್ ಕಾಲೇಜು ತೀರ್ಪು, ಎರಡೂ ಈ ಕಡೆಗೇ ವಾಲುತ್ತವೆ. ಯೇಲ್‌ಗೆ ಕೊನೆಗೆ ಸಂದದ್ದು 1,54,604 ಡಾಲರ್. ಸ್ಟಾರ್ಸ್‌ಗೆ ಅನುದಾನ ಉಳಿಯಿತು, ಖಜಾನೆಗೆ ಪೆಟ್ಟು ಬಿತ್ತು.

ಹಾಗಾಗಿ ಮಸೂದೆಗೆ ಕೈ ಹಾಕುವ ಮುಂಚೆ ಆ ಶಾಲೆಗೆ ಬರುವ ಮತ್ತು ಬರಬೇಕಾದ ಪ್ರತಿ ಬಾಬಿನ ಮೂಲಪತ್ರ ತೆಗೆಸಿ ಓದಿ: ದಾನಪತ್ರ, ಒಪ್ಪಂದ, ಅನುದಾನದ ಷರತ್ತು. ಬೇರೆಯವರ ಕೈಯಲ್ಲಿರುವ ಹಣ ತಿರುಗಿಸುವುದಾದರೆ ಪರಿಹಾರವನ್ನು ಮಸೂದೆಯಲ್ಲೇ ಬರೆಯುವುದು ಅಗ್ಗ.

ಏಳನೇ_ಅನುಸೂಚಿ:
ಎರಡನೇ ಪ್ರಶ್ನೆಗೆ. ನಮ್ಮಲ್ಲಿ ಕೃಷಿ ಶಿಕ್ಷಣ ಸಂವಿಧಾನದ ರಾಜ್ಯ ಪಟ್ಟಿಯ 14ನೇ ನಮೂದು, ಅಂದರೆ ಕಾನೂನು ಮಾಡುವುದು ರಾಜ್ಯದ ಕೈಯಲ್ಲಿ. 1976ರ 42ನೇ ತಿದ್ದುಪಡಿ ಶಿಕ್ಷಣವನ್ನು ಕೇಂದ್ರ, ರಾಜ್ಯ ಎರಡಕ್ಕೂ ಸೇರಿದ ಸಮವರ್ತಿ ಪಟ್ಟಿಗೆ ಒಯ್ದರೂ ಇದು ಅಲ್ಲೇ ಉಳಿದಿದೆ. ತೊಡಕಿರುವುದು ಪದವಿಯಲ್ಲಿ. 1956ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯ್ದೆಯ 22ನೇ ಪ್ರಕರಣದ ಪ್ರಕಾರ ಪದವಿ ಕೊಡುವ ಹಕ್ಕು ವಿಶ್ವವಿದ್ಯಾಲಯಗಳಿಗೆ, ಡೀಮ್ಡ್ ಸಂಸ್ಥೆಗಳಿಗೆ ಮತ್ತು ಸಂಸತ್ತು ಕಾಯ್ದೆಯಿಂದ ಅಧಿಕಾರ ಕೊಟ್ಟವಕ್ಕೆ ಮಾತ್ರ. ಆದ್ದರಿಂದ ಶಾಲೆಯನ್ನು ಕಾಲೇಜು ಎಂದು ಕರೆದ ಮಾತ್ರಕ್ಕೆ ಪದವಿ ಬರುವುದಿಲ್ಲ, ಯಾವುದಾದರೂ ವಿಶ್ವವಿದ್ಯಾಲಯದ ಸಂಯೋಜನೆ (ಅಫಿಲಿಯೇಷನ್) ಬೇಕು. ಬೆಂಗಳೂರಿನ ಹೆಬ್ಬಾಳವೇ ಉದಾಹರಣೆ: 1913ರ ಕೃಷಿ ಶಾಲೆ 1946ರಲ್ಲಿ ಕಾಲೇಜಾಯಿತು, ಪದವಿ ಮೈಸೂರು ವಿ.ವಿ.ಯದ್ದು. 1947ರ ಧಾರವಾಡ ಕೃಷಿ ಕಾಲೇಜಿನ ಜೊತೆ ಅದೂ ಕೃಷಿ ವಿ.ವಿ.ಯೊಳಗೆ ಬಂದದ್ದು 1963ರ ಕಾಯ್ದೆಯ ನಂತರ, 1964ರಲ್ಲಿ.

ಕರಡಿನಲ್ಲಿ ಮರೆತುಹೋಗುವವು: ಈಗಾಗಲೇ ಸೇರಿರುವ ಡಿಪ್ಲೊಮಾ ವಿದ್ಯಾರ್ಥಿಗಳು ಹಳೆ ನಿಯಮದಂತೆ ಮುಗಿಸಲು ಅವಕಾಶ, ನೌಕರರ ಸೇವಾ ನಿರಂತರತೆ (ಇದು ತಪ್ಪಿದರೆ ಪಿಂಚಣಿ ಹೊತ್ತಿಗೆ ಬಯಲಾಗುತ್ತದೆ, ಅಷ್ಟೊತ್ತಿಗೆ ಕರಡು ಬರೆದವರೂ ನಿವೃತ್ತರು), ನಡೆಯುತ್ತಿರುವ ದಾವೆಗಳು.

ಕರಡುಪ್ರತಿ:
ಜಾರಿಯ ದಿನಾಂಕ? ಗೆಜೆಟ್‌ನಲ್ಲಿ ಪ್ರಕಟವಾದ ದಿನವೇ ಅಂತ ಹಾಕಿದರೆ?

ದಫ್ತರ್:
ಬೇಡ. ಅದು ಅಕ್ಟೋಬರ್‌ಗೆ ಬಿದ್ದರೆ ಅರ್ಧ ವರ್ಷ ಒಂದು ಹೆಸರು, ಅರ್ಧ ವರ್ಷ ಇನ್ನೊಂದು. ಬಜೆಟ್‌ನಲ್ಲಿ ಹಣ ಮಂಜೂರಾಗಿದ್ದು ಹಳೆ ಹೆಸರಿಗೆ, ಬಿಲ್ಲು ಹೋಗುವುದು ಹೊಸ ಹೆಸರಲ್ಲಿ, ಖಜಾನೆಯವರು ವಾಪಸ್ ಕಳಿಸುತ್ತಾರೆ. ‘ಸರ್ಕಾರ ಅಧಿಸೂಚನೆಯಿಂದ ಗೊತ್ತುಪಡಿಸುವ ದಿನದಿಂದ’ ಎಂದು ಬರೆದು, ಏಪ್ರಿಲ್ 1ಕ್ಕೆ ಅಧಿಸೂಚಿಸಿ. ‘ಯಾವುದೇ ಕಾನೂನು, ಉಯಿಲು ಅಥವಾ ದಸ್ತಾವೇಜಿನಲ್ಲಿ ಹಳೆ ಶಾಲೆಯ ಉಲ್ಲೇಖವಿದ್ದರೆ ಅದನ್ನು ಕಾಲೇಜಿನ ಉಲ್ಲೇಖವೆಂದು ಅರ್ಥೈಸತಕ್ಕದ್ದು’ ಎಂಬ ಸಾಲೂ ಇರಲಿ. ಇದರಲ್ಲಿ ‘ಉಯಿಲು’ ಎಂಬ ಪದ ಬಿಡಬೇಡಿ. ದತ್ತಿ ಬರೆದಿಟ್ಟು ತೀರಿಕೊಂಡವರು ಎದ್ದು ಬಂದು ಹೆಸರು ತಿದ್ದುವುದಿಲ್ಲ.