ಪ್ರಾಸ್ಟೇಟ್ ಕ್ಯಾನ್ಸರ್: ಈಗಲೇ ಆಪರೇಷನ್ ಬೇಕಾ, ಕಾಯಬಹುದಾ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನನಗೆ 63 ವರ್ಷ. ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಗೆ ಮಾಡುವ ರಕ್ತಪರೀಕ್ಷೆ) 7.2. ಬಯಾಪ್ಸಿಯಲ್ಲಿ ಗ್ಲೀಸನ್ (ಕ್ಯಾನ್ಸರ್ ಎಷ್ಟು ಉಗ್ರ ಅನ್ನೋ ಅಂಕ) 3+3 ಬಂದಿದೆ. ಗಡ್ಡೆ ಹೊರಗೆ ಹರಡಿಲ್ಲ ಅಂತ ಎಂಆರ್‌ಐ ಹೇಳುತ್ತದೆ. ಪ್ರಾಸ್ಟೇಟ್ ತೆಗೆಸಿಬಿಡು ಅಂತ ಅಣ್ಣ ಹಟ ಹಿಡಿದಿದ್ದಾರೆ. ಆದರೆ ಆಪರೇಷನ್ ಮಾಡಿಸಿಕೊಂಡ ಪರಿಚಯದವರೊಬ್ಬರು ಮೂತ್ರ ಸೋರುತ್ತೆ ಅಂತ ಈಗಲೂ ಪ್ಯಾಡ್ ಹಾಕಿಕೊಂಡೇ ಓಡಾಡುತ್ತಾರೆ. ವಾಸನೆ ಬರುತ್ತೆ ಅನ್ನೋ ಭಯಕ್ಕೆ ಮದುವೆ ಮನೆಗೂ ಬರಲ್ಲ. ನನಗೆ ಅದೇ ಚಿಂತೆ.

ಉತ್ತರ (ಮೂತ್ರರೋಗ ತಜ್ಞ): ಸರ್, 3+3 ಅಂದರೆ ಒಟ್ಟು 6, ಇದು ಸಾಮಾನ್ಯವಾಗಿ ನಿಧಾನಕ್ಕೆ ಬೆಳೆಯುವ ಬಗೆ. ಯೋಚಿಸೋಕೆ ಸಮಯ ಇದೆ.

ಬ್ರಿಟನ್‌ನ ಪ್ರೊಟೆಕ್ಟ್ ಅಧ್ಯಯನದಲ್ಲಿ 1,643 ಗಂಡಸರಲ್ಲಿ ಕೆಲವರಿಗೆ ಆಪರೇಷನ್, ಕೆಲವರಿಗೆ ರೇಡಿಯೇಷನ್, ಉಳಿದವರಿಗೆ ನಿಗಾ ಅಂತ ಹಂಚಿದ್ದರು. 15 ವರ್ಷದ ಫಲಿತಾಂಶ 2023ರಲ್ಲಿ ಬಂತು. ಯಾವ ಗುಂಪಿನಲ್ಲೂ ಈ ಕ್ಯಾನ್ಸರ್‌ನಿಂದ ತೀರಿಕೊಂಡವರು ನೂರಕ್ಕೆ ಇಬ್ಬರು ಮೂವರು ಅಷ್ಟೇ. ಆದರೆ ಕಾಯಿಲೆ ಬೇರೆ ಕಡೆ ಹರಡಿದ್ದು ನಿಗಾದಲ್ಲಿದ್ದವರಲ್ಲಿ ಜಾಸ್ತಿ: ನೂರಕ್ಕೆ 9. ಉಳಿದೆರಡು ಗುಂಪಿನಲ್ಲಿ ಸುಮಾರು 5. ಇದನ್ನೂ ತಿಳಿದುಕೊಂಡೇ ತೀರ್ಮಾನ ಮಾಡಬೇಕು.

ನಿಮ್ಮ ಚಿಂತೆಗೆ ಬರೋಣ. ಅದೇ ಅಧ್ಯಯನದಲ್ಲಿ ಆಪರೇಷನ್ ಆದ 6 ತಿಂಗಳಿಗೆ ನೂರಕ್ಕೆ 46 ಜನ ಪ್ಯಾಡ್ ಬಳಸುತ್ತಿದ್ದರು, 6 ವರ್ಷಕ್ಕೆ 17. ಅಂದರೆ ಬಹಳಷ್ಟು ಜನ ಸುಧಾರಿಸಿಕೊಳ್ಳುತ್ತಾರೆ, ಎಲ್ಲರೂ ಅಲ್ಲ. ನಿಮಿರುವಿಕೆಗೂ ಆಪರೇಷನ್‌ನಿಂದಲೇ ಹೆಚ್ಚು ಪೆಟ್ಟು. ರೇಡಿಯೇಷನ್‌ನಲ್ಲಿ ಮೂತ್ರ ಸೋರುವುದು ಕಡಿಮೆ, ಆದರೆ ಕೆಲವರಿಗೆ ಮಲ ತಡೆಯೋಕೆ ಕಷ್ಟ ಆಗುತ್ತದೆ.

ನಿಮ್ಮ ಜಾಗದಲ್ಲಿದ್ದರೆ ನಾನು ನಿಗಾ ಆರಿಸುತ್ತಿದ್ದೆ. ನಿಗಾ ಅಂದ್ರೆ ಸುಮ್ನೆ ಕೂರೋದಲ್ಲ. 6 ತಿಂಗಳಿಗೊಮ್ಮೆ ಪಿಎಸ್‌ಎ, ಆಗಾಗ ಎಂಆರ್‌ಐ, ಮತ್ತೆ ಬಯಾಪ್ಸಿ. ಏರಿಕೆ ಕಂಡರೆ ಚಿಕಿತ್ಸೆ. ಕ್ಯಾನ್ಸರ್ ಒಳಗಿದೆ ಅನ್ನೋ ಯೋಚನೆಗೆ ನಿದ್ದೆಯೇ ಬರದಿದ್ದರೆ ಮಾತ್ರ ಆಪರೇಷನ್ ಕೇಳಿದರೂ ತಪ್ಪಿಲ್ಲ. ನೆಮ್ಮದಿಯೂ ಲೆಕ್ಕಕ್ಕೆ ಬರಬೇಕು, ಅಲ್ವಾ?

ಗ್ಲೀಸನ್ 8, 9 ಬಂದವರು ಇದನ್ನು ಓದಿ ಕಾಯಬೇಡಿ. ಅವರ ದಾರಿ ಬೇರೆ.

ಪ್ರಶ್ನೆ: ತುಂಬಾ ಧನ್ಯವಾದ ಡಾಕ್ಟ್ರೇ. ಮನೆಯವಳ ಎದುರು ನಿಮಿರುವಿಕೆ ವಿಷಯ ಕೇಳೋಕೆ ಮುಜುಗರ. ಒಬ್ಬನೇ ಬರಲಾ?

ಉತ್ತರ: ಅವರನ್ನೂ ಕರೆದುಕೊಂಡು ಬನ್ನಿ ಸರ್. ಇದು ಅವರ ಬದುಕಿನ ವಿಷಯವೂ ಹೌದು. ಹೃದಯಕ್ಕೆ ಸಾರ್ಬಿಟ್ರೇಟ್ ತರಹದ ಮಾತ್ರೆ ತಗೊಳ್ಳುತ್ತಿದ್ದರೆ ಮರೆಯದೆ ಹೇಳಿ, ಅದರ ಜೊತೆ ನಿಮಿರುವಿಕೆಗೆ ಕೊಡುವ ವಯಾಗ್ರ ಅಪಾಯ. ಬಯಾಪ್ಸಿ ಸ್ಲೈಡ್, ಬ್ಲಾಕ್ (ಮೇಣದಲ್ಲಿಟ್ಟ ಬಯಾಪ್ಸಿ ತುಂಡು) ಲ್ಯಾಬ್‌ನಿಂದ ಇಸ್ಕೊಂಡು ಇನ್ನೊಬ್ಬ ಪೆಥಾಲಜಿಸ್ಟ್‌ಗೆ ತೋರಿಸಿ. 3+3 ನಿಜಕ್ಕೂ 3+3 ಹೌದಾ ಅನ್ನೋದು ಮೊದಲು ಖಾತ್ರಿಯಾಗಲಿ.