ಮಣ್ಣಿನ ಪಾತ್ರೆಯ ಗ್ಲೇಜ್‌ನಲ್ಲಿ (ಗಾಜಿನಂಥ ಲೇಪ) ಕೂದಲೆಳೆ ಬಿರುಕು, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವಳು. ಆಫೀಸ್ ಮುಗಿಸಿ ಬಂದು ಸಂಜೆ ಹೊತ್ತು ಮನೆ ಹಿಂದಿನ ಶೆಡ್‌ನಲ್ಲಿ ತಿಗರಿ ಮುಂದೆ ಕೂರುತ್ತೇನೆ. ಮಾಡುವುದೆಲ್ಲ ದಿನಬಳಕೆಯದ್ದೇ: ಕಾಫಿ ಮಗ್, ಉಪ್ಪಿನಕಾಯಿ ಬಟ್ಟಲು, ಮೊಸರಿನ ಕುಡಿಕೆ.

ಸ್ಟೋನ್‌ವೇರ್ ಮಣ್ಣು, ಅಂದರೆ ಹೆಚ್ಚು ಶಾಖಕ್ಕೆ ಸುಟ್ಟು ಗಟ್ಟಿ ಮಾಡುವಂಥದ್ದು. ಮೊದಲ ಸುಡುವಿಕೆ 1000 ಡಿಗ್ರಿಗೆ, ಗ್ಲೇಜ್ ಹಾಕಿದ ಮೇಲೆ 1220ಕ್ಕೆ, ಕರೆಂಟ್ ಕಿಲ್ನ್‌ನಲ್ಲಿ (ಸುಡುವ ಗೂಡು). ಮಣ್ಣು ಬೇರೆ ಕಡೆಯಿಂದ ತರಿಸಲು ಶುರುಮಾಡಿದ ಮೇಲೆ ಪಾರದರ್ಶಕ ಗ್ಲೇಜ್ ತುಂಬಾ ಬಲೆಯಂತೆ ಬಿರುಕು. ಕಿಲ್ನ್‌ನಿಂದ ತೆಗೆದಿಟ್ಟ ಮೇಲೂ ಟಿಣ್ ಟಿಣ್ ಅಂತ ಸದ್ದು ಬರುತ್ತಲೇ ಇರುತ್ತದೆ. ಕಾಫಿ ಕುಡಿದ ಮಗ್‌ನಲ್ಲಿ ಗೆರೆಗಳು ಕಂದು ಬಣ್ಣಕ್ಕೆ ತಿರುಗಿವೆ. ನೋಡಲು ಕೆಲವರಿಗೆ ಚಂದ ಅನ್ನಿಸಬಹುದು, ಆದರೆ ಊಟದ ಪಾತ್ರೆಗೆ ಇದು ಬೇಡವೇ ಬೇಡ.

ತಣ್ಣಗಾಗುವಾಗ ಗ್ಲೇಜ್ ಮಣ್ಣಿಗಿಂತ ಜಾಸ್ತಿ ಕುಗ್ಗಿದರೆ ಹೀಗಾಗುತ್ತದೆ ಅಂತ ಗೊತ್ತು. ನನ್ನ ಚಿಂತೆ ಇನ್ನೊಂದು. ಮಗ್‌ಗೆ ನೀರು ತುಂಬಿ ರಾತ್ರಿಯಿಡೀ ಪೇಪರ್ ಮೇಲೆ ಇಟ್ಟೆ. ಬೆಳಿಗ್ಗೆ ತಳದ ಪೇಪರ್ ಒದ್ದೆಯಾಗಿತ್ತು. ಅಂದರೆ ಮಣ್ಣೇ ಪೂರ್ತಿ ಬೆಂದಿಲ್ಲ, ಅಲ್ವಾ?

ಹಾಗಾದರೆ ಮೊದಲು 1240ಕ್ಕೆ ಸುಟ್ಟು ನೋಡಲೇ? ಅಥವಾ ಗ್ಲೇಜ್ ಕುಗ್ಗುವುದು ಕಡಿಮೆಯಾಗಲಿ ಅಂತ ಅದಕ್ಕೆ ಕ್ವಾರ್ಟ್ಜ್ ಪುಡಿ ಸೇರಿಸಲೇ? ಸೇರಿಸುವುದಾದರೆ ನೂರಕ್ಕೆ ಎಷ್ಟರಿಂದ ಶುರುಮಾಡಬೇಕು? ಸುಮ್ನೆ ಊಹೆ ಬೇಡ, ಸ್ವತಃ ಮಾಡಿ ನೋಡಿದವರು ದಯವಿಟ್ಟು ಹೇಳಿ. ಗ್ಲೇಜ್ ಅಳತೆ, ಮಗ್‌ನ ಒಳಗಿನ ಫೋಟೋ ಕೇಳಿದರೆ ಹಾಕುತ್ತೇನೆ.