ಪದ ಬೇಕು: ತೊಟ್ಟಿಯ ‘ಸೈಕ್ಲಿಂಗ್’ಗೆ ಕನ್ನಡದಲ್ಲಿ ಏನು?

ಉಪ್ಪುನೀರಿನ ಹವಳದ ತೊಟ್ಟಿಯ ಮುಂದೆ ಹಾಕುವ ಫಲಕ, ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು. 200 ಲೀಟರ್ ತೊಟ್ಟಿ. ನೀರು, ಕಲ್ಲು, ಮರಳು ಎಲ್ಲ ಇದೆ, ಮೀನಿಲ್ಲ. ಮೀನಿನ ಹೊಲಸಿನಿಂದಾಗುವ ಅಮೋನಿಯಾ ವಿಷವನ್ನು ಅರಗಿಸುವ ಬ್ಯಾಕ್ಟೀರಿಯಾ ಮೊದಲು ಬೆಳೆಯಬೇಕು, ಅದಕ್ಕೇ ಸೈಕ್ಲಿಂಗ್ ಎನ್ನುವುದು. ‘ಟ್ಯಾಂಕ್ ಸೈಕ್ಲಿಂಗ್ ನಡೆಯುತ್ತಿದೆ’ ಎಂಬುದು ಒಂದೇ ಸಾಲಿನಲ್ಲಿ ಬರಬೇಕು. ‘ಚಕ್ರೀಕರಣ’ ಎಂದು ಬರೆದು ನಾನೇ ಹೊಡೆದುಹಾಕಿದೆ.
— ಸು.

‘ಸಾರಜನಕ ಚಕ್ರ ಸ್ಥಾಪನೆ’. ಶಾಲೆಯ ಪುಸ್ತಕದಲ್ಲೇ ಇರುವ ಪದ, ಹುಡುಕುವುದೇನು ಬಂತು?
— ರಾ.

ಶಂಕುಸ್ಥಾಪನೆ ಇದ್ದ ಹಾಗಿದೆ. ಅಲ್ಲದೆ ತೊಟ್ಟಿಯಲ್ಲಿ ಚಕ್ರ ಸುತ್ತುವುದಾದರೂ ಎಲ್ಲಿ? ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ಹೆಚ್ಚಿನ ತೊಟ್ಟಿಗಳಲ್ಲಿ ದಾರಿ ಬಹುಪಾಲು ಅಲ್ಲಿಗೇ ಮುಗಿಯಿತು. ಉಳಿದ ನೈಟ್ರೇಟನ್ನು ನೀರು ಬದಲಿಸಿ ಹೊರಹಾಕಬೇಕು. ಇಂಗ್ಲಿಷಿನವರ ತಪ್ಪನ್ನು ನಾವು ಸಂಸ್ಕೃತದಲ್ಲಿ ಮಾಡಬೇಕೆ?

ದೋಸೆ ಕಾವಲಿಗೆ, ಮಣ್ಣಿನ ಮಡಕೆಗೆ ಏನೆನ್ನುತ್ತೇವೆ? ಪಳಗಿಸುವುದು. ಇಲ್ಲೂ ಅದೇ. ಬ್ಯಾಕ್ಟೀರಿಯಾ ಹೆಚ್ಚಾಗಿ ಕೂರುವುದು ಕಲ್ಲು, ಮರಳಿನ ಮೈಮೇಲೆ, ನೀರಿನಲ್ಲಲ್ಲ. ಹಾಗಾಗಿ ಅರ್ಧ ನೀರು ತೆಗೆದರೂ ಪಳಗಿದ್ದು ಕೆಡುವುದಿಲ್ಲ. ಕಲ್ಲನ್ನು ಕ್ಲೋರಿನ್ ಇರುವ ನಲ್ಲಿನೀರಿನಲ್ಲಿ ತೊಳೆದರೆ ಕೆಡುತ್ತದೆ. ಹಳೆಯ ತೊಟ್ಟಿಯಿಂದ ತಂದು ಇಡುವ ಕಲ್ಲಿಗೆ ‘ಹೆಪ್ಪು’ ಎನ್ನಿ, ಮೊಸರು ಮಾಡುವವರಿಗೆಲ್ಲ ತಿಳಿಯುತ್ತದೆ. ಹೆಪ್ಪಿಲ್ಲದಿದ್ದರೆ ನಾಲ್ಕರಿಂದ ಆರು ವಾರ. ಪರೀಕ್ಷೆ ಇಷ್ಟೇ: ಲೀಟರಿಗೆ 2 ಮಿಲಿಗ್ರಾಂ ಆಗುವಷ್ಟು ಅಮೋನಿಯಾ ಹಾಕಿ, 24 ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗಿಳಿದರೆ ಪಳಗಿತು.
— ವಿ.

‘ಪಳಗಿಸು’ ಎಂದರೆ ಜನ ಆನೆ ನೆನೆಯುತ್ತಾರೆ. ಮೇಲಾಗಿ ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಗಬೇಕು: ಪಾಲ್ ಹಾಲಾಯಿತು, ಪೞೆಯ ಹಳೆಯ ಆಯಿತು. ‘ಪಳಗು’ವಿನಲ್ಲಿ ಪಕಾರ ಉಳಿದಿದೆ, ಅಂದರೆ ತಮಿಳಿನಿಂದ ಬಂದದ್ದು. ಎರವಲೇ ಆಗುವುದಾದರೆ ಸಂಸ್ಕೃತಕ್ಕೇನು ಕೊರತೆ?
— ರಾ.

ಪಡು, ಪಡೆ, ಇವೂ ತಮಿಳಿನವೋ? ಸಾಕು ಬಿಡಿ.
— ವಿ.

ನಿಮ್ಮ ಪಹಗಳ ಜಗಳದಲ್ಲಿ ಫಲಕ ಅಚ್ಚಾಗುವುದಿಲ್ಲ. ‘ಸೈಕ್ಲಿಂಗ್’ ಅಂತಲೇ ಬರೆಯಿರಿ, ಮೀನು ಸಾಕುವವರೆಲ್ಲ ಹಾಗೇ ಅನ್ನುವುದು.
— ನಾ.

ಸಾಕುವವರಿಗೆ ಫಲಕ ಬೇಕಿಲ್ಲ. ಶಾಲೆಯ ಮಕ್ಕಳು ಓದಿ, ಯಾರೋ ಸೈಕಲ್ ಹೊಡೆಯುತ್ತಿದ್ದಾರೆ ಅಂದುಕೊಳ್ಳುತ್ತಾರೆ.
— ವಿ.

‘ಪಳಗು’ ಹಾಕುತ್ತೇನೆ. ಇನ್ನೆರಡು: ಕ್ಲೌನ್ ಫಿಶ್? ಮತ್ತು ‘ಟಾಪ್ ಆಫ್’, ಅಂದರೆ ತೊಟ್ಟಿಯಲ್ಲಿ ಆರಿಹೋದ ನೀರನ್ನು ಮತ್ತೆ ತುಂಬುವುದು?
— ಸು.

ಕೋಡಂಗಿ ಮೀನು. ಯಕ್ಷಗಾನ ಕಂಡವರಿಗೆ ವಿವರಣೆ ಬೇಡ. ಆಟದಲ್ಲೂ ಕೋಡಂಗಿ ಮೊದಲು ಬರುವುದು, ತೊಟ್ಟಿಗೂ ಮೊದಲು ಬಿಡುವುದು ಅದನ್ನೇ, ಗಟ್ಟಿಜೀವ. ಮ್ಯಾಂಡರಿನ್ ಮೀನಿನ ಹೆಸರು ಮೊದಲ ಫಲಕದಲ್ಲಿ ಬೇಡ: ಅದು ದಿನವಿಡೀ ಕಲ್ಲಿನ ಮೇಲಿನ ಸಣ್ಣ ಸಿಗಡಿಯಂಥ ಹುಳುಗಳನ್ನು ಹೆಕ್ಕುತ್ತದೆ, ಹೊಸ ತೊಟ್ಟಿಯಲ್ಲಿ ಹಸಿದು ಸಾಯುತ್ತದೆ.

‘ಟಾಪ್ ಆಫ್’ಗೆ ಪದವೇ ಬೇಡ, ‘ಆರಿದಷ್ಟು ಸಿಹಿನೀರು’ ಎಂದರೆ ಸಾಕು. ‘ಸಿಹಿನೀರು’ ಬಿಟ್ಟೀರಿ ಜೋಕೆ. ಆರಿ ಹೋಗುವುದು ನೀರು, ಉಪ್ಪು ಅಲ್ಲೇ ಉಳಿಯುತ್ತದೆ. ಉಪ್ಪುನೀರನ್ನೇ ತುಂಬುತ್ತ ಹೋದರೆ ಲೀಟರಿಗೆ 35 ಗ್ರಾಂ ಇರಬೇಕಾದದ್ದು ಏರುತ್ತಲೇ ಹೋಗುತ್ತದೆ.
— ವಿ.

‘ತೊಟ್ಟಿ ಪಳಗುತ್ತಿದೆ. ಮೀನು ಇನ್ನೂ ಬಿಟ್ಟಿಲ್ಲ.’ ಕಳಿಸಿದೆ.
— ಸು.

‘ತೊಟ್ಟಿ’ ಯಾವ ಭಾಷೆಯದು ನೋಡಿದ್ದೀರಾ?
— ರಾ.